ಹೆಸರು ಅವನದು, ಕೈ ಯಾರದು? ಪಾಸ್‌ವರ್ಡ್ ನಡೆದು ಬಂದ ದಾರಿ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಹೋದ ಸಂಚಿಕೆ ಆದಮೇಲೆ ಒಬ್ಬ ಕೇಳುಗರು ಒಂದು ಪ್ರಶ್ನೆ ಕಳಿಸಿದ್ದರು. ‘ಬ್ಯಾಂಕಿನ ಆ್ಯಪ್‌ಗೆ ಮೊದಲ ಸಲ ಮಾತ್ರ ಯೂಸರ್‌ನೇಮ್, ಪಾಸ್‌ವರ್ಡ್ ಕೊಡ್ತೀವಿ. ಆಮೇಲೆ ಬರೀ ನಾಲ್ಕಂಕಿ ಪಿನ್ ಒತ್ತಿದರೆ ಸಾಕು. ಹಾಗಾದ್ರೆ ನನ್ನ ಪಾಸ್‌ವರ್ಡ್ ಫೋನಿನೊಳಗೇ ಕೂತಿರುತ್ತಾ?’ ಅಂತ.

ಒಳ್ಳೆಯ ಪ್ರಶ್ನೆ. ಇದಕ್ಕೆ ಎರಡು ವಾಕ್ಯದಲ್ಲಿ ಉತ್ತರ ಹೇಳಿ ಮುಗಿಸಬಹುದಿತ್ತು. ಆದರೆ ಈ ಪ್ರಶ್ನೆ ಓದಿದ ತಕ್ಷಣ ನನಗೆ ಕೊಟ್ಟೂರಿನ ಒಬ್ಬ ಮನುಷ್ಯ ನೆನಪಾದ. ಅವನಿಗೆ ಆದ ಅನ್ಯಾಯದಲ್ಲಿ ನನ್ನ ಪಾಲೂ ಇದೆ. ಹಾಗಾಗಿ ಇವತ್ತು ಪಾಸ್‌ವರ್ಡ್‌ನ ಇತಿಹಾಸದ ಜೊತೆಗೆ ನನ್ನ ಒಂದು ತಪ್ಪೊಪ್ಪಿಗೆಯನ್ನೂ ಕೇಳಿಸ್ಕೋಬೇಕು ನೀವು.

2011ನೇ ಇಸವಿ. ನಾನು ಬೆಂಗಳೂರಿನ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸಕ್ಕಿದ್ದೆ. ನಮಗೆ ಒಂದು ಪತ್ತಿನ ಸಂಸ್ಥೆಯ ಕೆಲಸ ಬಂತು. ಅದರ ಶಾಖೆಗಳು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದೂ ಊರುಗಳಲ್ಲಿದ್ದವು. ಇವತ್ತು ಈ ಐದೂ ವಿಜಯನಗರ ಜಿಲ್ಲೆಯ ತಾಲ್ಲೂಕುಗಳು. ಆಗ ಹಾಗಿರಲಿಲ್ಲ. ಹರಪನಹಳ್ಳಿ ದಾವಣಗೆರೆ ಜಿಲ್ಲೆಯಲ್ಲಿತ್ತು, ಉಳಿದವು ಬಳ್ಳಾರಿಯಲ್ಲಿ. ಕೊಟ್ಟೂರಂತೂ ಇನ್ನೂ ತಾಲ್ಲೂಕೇ ಆಗಿರಲಿಲ್ಲ, ಕೂಡ್ಲಿಗಿ ತಾಲ್ಲೂಕಿನ ಒಂದು ಊರು. ಸಂಸ್ಥೆಯ ಹೆಸರು ನಾನು ಹೇಳಲ್ಲ, ಬೇಕಾಗಿಯೂ ಇಲ್ಲ.

ಕೆಲಸ ಏನಪ್ಪಾ ಅಂದ್ರೆ, ಪಿಗ್ಮಿ. ಪಿಗ್ಮಿ ಅಂದ್ರೆ ನಮ್ಮ ಕಡೆಯವರಿಗೆ ವಿವರಿಸಬೇಕಾಗಿಲ್ಲ. ದಿನಾ ಸಂಜೆ ಅಂಗಡಿ ಮುಂದೆ ಒಬ್ಬ ಬಂದು ನಿಲ್ಲುತ್ತಾನೆ, ನೀವು ಐವತ್ತೋ ನೂರೋ ಕೊಡ್ತೀರಿ, ಅವನು ನಿಮ್ಮ ಕಾರ್ಡಿನಲ್ಲಿ ಬರೆದು ಗೀಚಿ ಸಹಿ ಹಾಕಿ ಹೋಗ್ತಾನೆ. ಇದು ಹುಟ್ಟಿದ್ದೇ ಕರ್ನಾಟಕದಲ್ಲಿ. 1925ರಲ್ಲಿ ಉಡುಪಿಯಲ್ಲಿ ಶುರುವಾದ, ಮುಂದೆ ಸಿಂಡಿಕೇಟ್ ಬ್ಯಾಂಕ್ ಅನಿಸಿಕೊಂಡ ಸಂಸ್ಥೆ 1928ರಲ್ಲಿ ಈ ಯೋಜನೆ ತಂದಿತು. ನೇಕಾರರು, ಮೀನು ಮಾರುವವರು, ಸಣ್ಣ ಅಂಗಡಿಯವರು ದಿನಕ್ಕೆ ಎರಡಾಣೆ ಉಳಿಸಲಿ ಅನ್ನೋದು ಅದರ ಉದ್ದೇಶ. ಅಲ್ಲಿಂದ ಈ ಪದ್ಧತಿ ನಾಡಿನ ಮೂಲೆಮೂಲೆಗೂ ಹೋಯಿತು.

ಈ ಪಿಗ್ಮಿ ಸಂಗ್ರಹಕಾರರ ಕೈಗೆ ಮೊಬೈಲ್ ಕೊಡೋದು, ಅವರು ಅಂಗಡಿ ಮುಂದೆ ನಿಂತೇ ಮೊತ್ತ ಒತ್ತಿದರೆ ಅದು ನೇರ ಸರ್ವರ್‌ಗೆ ಬಂದು ಸೇರೋದು. ಇದು ನಮ್ಮ ಕೆಲಸ. ಮೊಬೈಲಿಗೆ ಒಂದು ಪುಟ್ಟ ಆ್ಯಪ್, ಸರ್ವರ್‌ನಲ್ಲಿ ಒಂದು ವೆಬ್ ಸರ್ವಿಸ್. ಆ ವೆಬ್ ಸರ್ವಿಸ್ ಬರೆದವನು ನಾನು.

ಅದಕ್ಕೆ ಬೀಗ ಹಾಕಿದವನೂ ನಾನೇ. ಎಂಥಾ ಬೀಗ? ಯೂಸರ್‌ನೇಮ್ ಮತ್ತು ಪಾಸ್‌ವರ್ಡ್. ಕೊಟ್ಟೂರಿನ ಮೊದಲ ಸಂಗ್ರಹಕಾರನಿಗೆ ಊರಿನ ಹೆಸರಿನ ಮುಂದೆ ಒಂದು ಅಂತ ಯೂಸರ್‌ನೇಮ್, ಪಾಸ್‌ವರ್ಡೂ ಅದೇ. ಬದಲಾಯಿಸೋ ಸೌಲಭ್ಯ ಆಮೇಲೆ ಕೊಡೋಣ ಅಂತ ಬಿಟ್ಟೆ. ‘ಆಮೇಲೆ’ ಅನ್ನೋ ದಿನ ಬರಲೇ ಇಲ್ಲ.

ಆ ಕಥೆ ಅಲ್ಲಿಗೇ ನಿಲ್ಲಿಸ್ತೀನಿ. ಈಗ ಸ್ವಲ್ಪ ಹಿಂದಕ್ಕೆ ಹೋಗೋಣ, ತುಂಬಾ ಹಿಂದಕ್ಕೆ.

ಗುರುತು ಅಂದರೆ ಏನು?

‘ನೀನು ಯಾರು ಅಂತ ನಾನು ಹೇಗೆ ನಂಬಲಿ?’ ಅನ್ನೋದು ಕಂಪ್ಯೂಟರ್ ಹುಟ್ಟಿಸಿದ ಪ್ರಶ್ನೆ ಅಲ್ಲ. ನಮ್ಮ ಐದು ತಾಲ್ಲೂಕುಗಳ ನೆರೆಯಲ್ಲೇ ಹಂಪಿ, ಆನೆಗೊಂದಿ ಇವೆ. ಅದೇ ಕಿಷ್ಕಿಂಧೆ ಅಂತ ನಮ್ಮವರ ನಂಬಿಕೆ. ಅಲ್ಲಿಂದ ಹೊರಟ ಹನುಮಂತ ಲಂಕೆಗೆ ಹೋಗಿ ಸೀತೆಯ ಮುಂದೆ ನಿಂತಾಗ ಸೀತೆಗೆ ಬಂದ ಮೊದಲ ಅನುಮಾನ ಯಾವುದು? ಇವನೂ ರಾವಣನ ಮಾಯೆಯೇ ಇರಬಹುದಲ್ಲ ಅಂತ. ಹನುಮಂತ ರಾಮನ ಉಂಗುರ ತೋರಿಸುತ್ತಾನೆ. ವಾಪಸ್ ಬರುವಾಗ ಸೀತೆ ಚೂಡಾಮಣಿ ಕೊಡುತ್ತಾಳೆ. ಅಷ್ಟೇ ಅಲ್ಲ, ಕಾಗೆಯ ರೂಪದಲ್ಲಿ ಬಂದವನ ಪ್ರಸಂಗವನ್ನೂ ಹೇಳಿ ಕಳಿಸುತ್ತಾಳೆ. ಅದು ರಾಮನಿಗೂ ತನಗೂ ಮಾತ್ರ ಗೊತ್ತಿದ್ದ ವಿಷಯ.

ಯೋಚನೆ ಮಾಡಿ. ಉಂಗುರ ಅನ್ನೋದು ಕೈಯಲ್ಲಿರುವ ವಸ್ತು. ಕಾಗೆಯ ಪ್ರಸಂಗ ಅನ್ನೋದು ತಲೆಯಲ್ಲಿರುವ ಗುಟ್ಟು. ವಸ್ತುವನ್ನು ಕದಿಯಬಹುದು, ಗುಟ್ಟನ್ನು ಕದ್ದು ಕೇಳಬಹುದು, ಆದರೆ ಎರಡೂ ಒಟ್ಟಿಗೆ ಸಿಗೋದು ಕಷ್ಟ. ಇವತ್ತು ಬ್ಯಾಂಕುಗಳು ‘ಎರಡು ಹಂತದ ದೃಢೀಕರಣ’ ಅಂತ ದೊಡ್ಡದಾಗಿ ಹೇಳ್ತಾವಲ್ಲ, ಅದರ ತಿರುಳು ಇಷ್ಟೇ.

ಇನ್ನೊಂದು ಉದಾಹರಣೆ ಹಡಗಲಿ ತಾಲ್ಲೂಕಿನ ಮೈಲಾರದ್ದು. ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಉಪವಾಸ ಇದ್ದ ಗೊರವಯ್ಯ ಬಿಲ್ಲು ಏರಿ ನಿಂತು ‘ಸದ್ದಲೇ’ ಅಂತಾನೆ. ಲಕ್ಷಾಂತರ ಜನ ಒಂದೇ ಕ್ಷಣಕ್ಕೆ ಮೌನ ಆಗ್ತಾರೆ. ಅವನು ನುಡಿಯೋ ಒಂದೇ ಸಾಲಿನ ಕಾರಣಿಕವನ್ನು ಇಡೀ ಸೀಮೆ ವರ್ಷಪೂರ್ತಿ ಚರ್ಚೆ ಮಾಡುತ್ತೆ. ಆ ಮಾತಿಗೆ ಅಷ್ಟು ತೂಕ ಯಾಕೆ? ಬಿಲ್ಲು ಏರಿದವನು ಯಾರು ಅಂತ ಎಲ್ಲರೂ ಕಣ್ಣಾರೆ ನೋಡಿರ್ತಾರೆ. ಅದೇ ಮಾತನ್ನು ಯಾರೋ ಒಬ್ಬ ಕತ್ತಲಲ್ಲಿ ನಿಂತು ಕೂಗಿದ್ದರೆ ಯಾರೂ ಕಿವಿಗೆ ಹಾಕ್ಕೋತಿರಲಿಲ್ಲ. ಕಂಪ್ಯೂಟರ್‌ನ ಕಷ್ಟ ಏನಂದ್ರೆ, ಅದಕ್ಕೆ ಎಲ್ಲಾ ಮಾತೂ ಕತ್ತಲಲ್ಲಿ ಬಂದ ಮಾತೇ. ಬಿಲ್ಲು ಏರಿದವನ ಮುಖ ಅದಕ್ಕೆ ಕಾಣಲ್ಲ.

ಆಡಳಿತಕ್ಕೂ ಇದೇ ಕಷ್ಟ ಇತ್ತು. 1800ರಲ್ಲಿ ಬಳ್ಳಾರಿ ಸೀಮೆ ನಿಜಾಮರಿಂದ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಂತು. ಥಾಮಸ್ ಮನ್ರೋ ಇಲ್ಲಿ 1807ರವರೆಗೆ ಕಲೆಕ್ಟರ್ ಆಗಿದ್ದ. ರೈತನ ಹೆಸರು, ಅವನ ಹೊಲ, ಅವನ ಕಂದಾಯ ಅಂತ ಒಬ್ಬೊಬ್ಬರ ಲೆಕ್ಕ ಇಡುವ ರೈತವಾರಿ ಪದ್ಧತಿ ಈ ಸೀಮೆಯಲ್ಲಿ ಬೇರು ಬಿಟ್ಟಿದ್ದು ಆಗ. ಆದರೆ ಆ ಲೆಕ್ಕ ಯಾರ ಕೈಯಲ್ಲಿ? ಊರಿನ ಕರಣಿಕನ ಕೈಯಲ್ಲಿ. ಓದು ಬಾರದ ರೈತ ಹೆಬ್ಬೆಟ್ಟು ಒತ್ತುತ್ತಿದ್ದ. ಮೇಲೆ ಏನು ಬರೆದಿದೆ ಅಂತ ಅವನಿಗೆ ಗೊತ್ತಾಗುತ್ತಿರಲಿಲ್ಲ.

‘ಹೆಬ್ಬೆಟ್ಟು’ ಅನ್ನೋದು ನಮ್ಮಲ್ಲಿ ಬೈಗುಳ, ಅಲ್ವಾ? ಓದು ಬರಹ ಇಲ್ಲದವನು ಅಂತ ಹೀಯಾಳಿಸೋ ಮಾತು. ಆದರೆ ಗುರುತಿನ ಇತಿಹಾಸದಲ್ಲಿ ಅದರ ಸ್ಥಾನ ದೊಡ್ಡದು. 1858ರಲ್ಲಿ ಬಂಗಾಳದಲ್ಲಿ ವಿಲಿಯಂ ಹರ್ಷಲ್ ಎಂಬ ಅಧಿಕಾರಿ ಒಬ್ಬ ಗುತ್ತಿಗೆದಾರನ ಇಡೀ ಅಂಗೈಯ ಅಚ್ಚನ್ನು ಕರಾರು ಪತ್ರದ ಮೇಲೆ ಒತ್ತಿಸಿಕೊಂಡ. ಮುಂದೆ ‘ಈ ಸಹಿ ನನ್ನದಲ್ಲ’ ಅಂತ ಅವನು ಅನ್ನಬಾರದು ಅಂತ. 1897ರಲ್ಲಿ ಕಲ್ಕತ್ತದಲ್ಲಿ ಜಗತ್ತಿನ ಮೊದಲ ಬೆರಳಚ್ಚು ಬ್ಯೂರೋ ಶುರುವಾಯಿತು. ಆ ಬೆರಳಚ್ಚುಗಳನ್ನು ವಿಂಗಡಿಸೋ ಕ್ರಮಕ್ಕೆ ದುಡಿದವರು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್, ಇಬ್ಬರೂ ನಮ್ಮ ದೇಶದವರೇ. ಈ ಬೆರಳಿನ ಮಾತು ಮುಂದೆ ಮತ್ತೆ ಬರುತ್ತೆ, ನೆನಪಿಟ್ಟುಕೊಳ್ಳಿ.

ಮೊದಲ ಪಾಸ್‌ವರ್ಡ್, ಮೊದಲ ಕಳ್ಳ

ಕಂಪ್ಯೂಟರ್‌ಗೆ ಪಾಸ್‌ವರ್ಡ್ ಬಂದಿದ್ದು 1960ರ ದಶಕದ ಶುರುವಿನಲ್ಲಿ, ಅಮೆರಿಕದ ಎಂಐಟಿಯಲ್ಲಿ. ಫರ್ನಾಂಡೋ ಕಾರ್ಬಟೋ ಮತ್ತು ಅವರ ತಂಡ ಒಂದೇ ಕಂಪ್ಯೂಟರನ್ನು ಹಲವರು ಒಟ್ಟಿಗೆ ಬಳಸುವ ವ್ಯವಸ್ಥೆ ಕಟ್ಟಿದರು. ಒಂದೇ ಯಂತ್ರ, ಹಲವು ಜನ, ಒಬ್ಬನ ಕಡತ ಇನ್ನೊಬ್ಬನಿಗೆ ಕಾಣಬಾರದು. ಅದಕ್ಕೆ ಎಲ್ಲರಿಗೂ ಒಂದೊಂದು ಗುಟ್ಟಿನ ಪದ.

ಅದನ್ನು ಮುರಿಯೋಕೆ ಹೆಚ್ಚು ದಿನ ಬೇಕಾಗಲಿಲ್ಲ. 1962ರಲ್ಲಿ ಅಲನ್ ಶೆರ್ ಎಂಬ ಸಂಶೋಧನಾ ವಿದ್ಯಾರ್ಥಿಗೆ ವಾರಕ್ಕೆ ಕೊಟ್ಟ ನಾಲ್ಕು ಗಂಟೆ ಕಂಪ್ಯೂಟರ್ ಸಮಯ ಸಾಲುತ್ತಿರಲಿಲ್ಲ. ಎಲ್ಲರ ಪಾಸ್‌ವರ್ಡ್ ಇದ್ದ ಕಡತವನ್ನೇ ಪ್ರಿಂಟ್ ಮಾಡು ಅಂತ ಯಂತ್ರಕ್ಕೆ ಕಾರ್ಡ್ ಹಾಕಿದ. ಯಂತ್ರ ಪ್ರಿಂಟ್ ಮಾಡಿಕೊಟ್ಟಿತು! ಆತ ಬೇರೆಯವರ ಹೆಸರಿನಲ್ಲಿ ಕೂತು ತನ್ನ ಕೆಲಸ ಮುಗಿಸಿಕೊಂಡ. 1966ರಲ್ಲಿ ಅದೇ ವ್ಯವಸ್ಥೆಯಲ್ಲಿ ಎರಡು ಕಡತಗಳು ಅದಲುಬದಲಾಗಿ, ದಿನದ ಸೂಚನೆ ಕಾಣಬೇಕಾದ ಜಾಗದಲ್ಲಿ ಎಲ್ಲರ ಪಾಸ್‌ವರ್ಡ್ ಪಟ್ಟಿ ಕಾಣಿಸಿಕೊಂಡಿತು. ಗುಟ್ಟನ್ನು ಗುಟ್ಟಾಗಿಯೇ ಬರೆದಿಡದೆ, ಬಿಡಿ ಅಕ್ಷರಗಳಲ್ಲಿ ಇಟ್ಟಿದ್ದೇ ಎರಡೂ ಸಲ ಮುಳುವಾಗಿದ್ದು.

1979ರಲ್ಲಿ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ ಯೂನಿಕ್ಸ್‌ನ ಅನುಭವ ಬರೆದು ಇದಕ್ಕೊಂದು ದಾರಿ ತೋರಿಸಿದರು. ಪಾಸ್‌ವರ್ಡನ್ನು ಹಾಗೇ ಇಡಬೇಡಿ, ಬೀಸಿ ಹಿಟ್ಟು ಮಾಡಿ ಇಡಿ. ಜೋಳ ಬೀಸಿದರೆ ಹಿಟ್ಟು ಬರುತ್ತೆ, ಹಿಟ್ಟಿನಿಂದ ಮತ್ತೆ ಜೋಳ ಬರಲ್ಲ. ನೀವು ಲಾಗಿನ್ ಆಗುವಾಗ ಕೊಟ್ಟ ಪದವನ್ನು ಮತ್ತೆ ಅದೇ ಕಲ್ಲಲ್ಲಿ ಬೀಸಿ, ಹಿಟ್ಟು ಹಿಟ್ಟನ್ನು ಹೋಲಿಸಿ ನೋಡಿದರೆ ಆಯಿತು. ಇದನ್ನೇ ಹ್ಯಾಶ್ ಅಂತಾರೆ. ಇಬ್ಬರ ಪಾಸ್‌ವರ್ಡ್ ಒಂದೇ ಇದ್ದರೂ ಹಿಟ್ಟು ಒಂದೇ ಥರ ಕಾಣದಿರಲಿ ಅಂತ ಒಬ್ಬೊಬ್ಬರಿಗೆ ಬೇರೆ ಬೇರೆ ಚಿಟಿಕೆ ಉಪ್ಪು ಬೆರೆಸೋದು. ಅದರ ಹೆಸರೂ ಸಾಲ್ಟ್ ಅಂತಲೇ, ತಮಾಷೆ ಅಲ್ಲ.

ಇಷ್ಟು ಗೊತ್ತಾದಮೇಲೂ ಜಗತ್ತು ಕಲಿಯಲಿಲ್ಲ. 2009ರ ಡಿಸೆಂಬರ್‌ನಲ್ಲಿ ರಾಕ್‌ಯೂ ಎಂಬ ಕಂಪನಿಯಿಂದ 3.2 ಕೋಟಿ ಪಾಸ್‌ವರ್ಡ್‌ಗಳು ಕಳುವಾದವು. ಎಲ್ಲವೂ ಬಿಡಿ ಅಕ್ಷರಗಳಲ್ಲೇ ಇದ್ದವು. ಅದರಲ್ಲಿ ಅತಿ ಹೆಚ್ಚು ಜನ ಇಟ್ಟುಕೊಂಡಿದ್ದ ಪಾಸ್‌ವರ್ಡ್ ಯಾವುದು ಗೊತ್ತಾ? 123456. ಆ ಸುದ್ದಿ ಓದಿ ನಾನೂ ನಕ್ಕಿದ್ದೆ. ಎರಡು ವರ್ಷ ಕಳೆದು ನಾನೇ ಬರೆದ ಸರ್ವರ್‌ನಲ್ಲಿ ಕೊಟ್ಟೂರಿನ ಪಾಸ್‌ವರ್ಡ್ ಬಿಡಿ ಅಕ್ಷರಗಳಲ್ಲೇ ಇತ್ತು.

ಪೋಸ್ಟ್ ಕಾರ್ಡ್ ಮೇಲೆ ಬರೆದ ಗುಟ್ಟು

ಪಾಸ್‌ವರ್ಡ್ ಇಡೋದು ಒಂದು ಸಮಸ್ಯೆ, ಅದನ್ನು ಕಳಿಸೋದು ಇನ್ನೊಂದು. ವೆಬ್‌ನ ಭಾಷೆಯಾದ ಎಚ್‌ಟಿಟಿಪಿ 1996ರಲ್ಲಿ ದಾಖಲಾದಾಗಲೇ ಅದರಲ್ಲಿ ‘ಬೇಸಿಕ್’ ಅನ್ನೋ ದೃಢೀಕರಣ ವಿಧಾನ ಇತ್ತು. ಯೂಸರ್‌ನೇಮ್, ನಡುವೆ ಒಂದು ವಿಸರ್ಗದ ಹಾಗೆ ಎರಡು ಚುಕ್ಕೆ, ಆಮೇಲೆ ಪಾಸ್‌ವರ್ಡ್. ಇದನ್ನು ಬೇಸ್ 64 ಅನ್ನೋ ಬೇರೊಂದು ಅಕ್ಷರಮಾಲೆಗೆ ಬದಲಿಸಿ ಕಳಿಸೋದು.

ನೋಡೋಕೆ ಗುಪ್ತಲಿಪಿ ಥರ ಇರುತ್ತೆ. ಆದರೆ ಅಲ್ಲ. ಕನ್ನಡದ ಮಾತನ್ನು ತೆಲುಗು ಲಿಪಿಯಲ್ಲಿ ಬರೆದ ಹಾಗೆ ಅಷ್ಟೇ. ತೆಲುಗು ಬಾರದವನಿಗೆ ಗುಟ್ಟು, ಬಳ್ಳಾರಿಯವನಿಗೆ ಏನು ಗುಟ್ಟು? ಸೊಗಸಾಗಿ ಓದಿ ಹೇಳ್ತಾನೆ. 1997ರಲ್ಲಿ ಇದಕ್ಕಿಂತ ವಾಸಿಯಾದ ‘ಡೈಜೆಸ್ಟ್’ ವಿಧಾನ ಬಂತು. ಅದರಲ್ಲಿ ಸರ್ವರ್ ಪ್ರತಿ ಸಲ ಒಂದು ಹೊಸ ಸಂಖ್ಯೆ ಕೊಟ್ಟು, ಅದರ ಜೊತೆ ಪಾಸ್‌ವರ್ಡ್ ಸೇರಿಸಿ ಬೀಸಿದ ಹಿಟ್ಟನ್ನಷ್ಟೇ ಕಳಿಸು ಅನ್ನುತ್ತೆ. 2004ರಲ್ಲಿ ವೆಬ್ ಸರ್ವಿಸ್‌ಗಳಿಗೇ ಅಂತ ಬಂದ ಡಬ್ಲ್ಯುಎಸ್-ಸೆಕ್ಯೂರಿಟಿ ಮಾನದಂಡದಲ್ಲೂ ಇಂಥದ್ದೇ ಉಪಾಯ ಇತ್ತು.

ನಿಜವಾದ ರಕ್ಷಣೆ ಬೇರೆಯೇ. ದಾರಿಯನ್ನೇ ಮುಚ್ಚಿಬಿಡೋದು. ನೆಟ್‌ಸ್ಕೇಪ್ ಕಂಪನಿ 1995ರಲ್ಲಿ ತಂದ ಎಸ್‌ಎಸ್‌ಎಲ್, ಈಗಿನ ಹೆಸರು ಟಿಎಲ್‌ಎಸ್. ವಿಳಾಸದ ಮುಂದೆ ಎಚ್‌ಟಿಟಿಪಿ ಆದಮೇಲೆ ‘ಎಸ್’ ಅಂತ ಇರುತ್ತಲ್ಲ, ಅದು. ಪೋಸ್ಟ್ ಕಾರ್ಡ್‌ಗೂ ಅಂಟಿಸಿದ ಇನ್‌ಲ್ಯಾಂಡ್ ಪತ್ರಕ್ಕೂ ಇರೋ ವ್ಯತ್ಯಾಸ. 2010ರ ಅಕ್ಟೋಬರ್‌ನಲ್ಲಿ ಎರಿಕ್ ಬಟ್ಲರ್ ಎಂಬುವರು ಫೈರ್‌ಶೀಪ್ ಅನ್ನೋ ಉಪಕರಣ ಬಿಡುಗಡೆ ಮಾಡಿ, ಹೋಟೆಲಿನ ವೈಫೈನಲ್ಲಿ ಪಕ್ಕದ ಮೇಜಿನವನ ಖಾತೆಯೊಳಗೆ ಎರಡು ಕ್ಲಿಕ್‌ನಲ್ಲಿ ಹೋಗಬಹುದು ಅಂತ ತೋರಿಸಿಬಿಟ್ಟರು. ದೊಡ್ಡ ದೊಡ್ಡ ಜಾಲತಾಣಗಳು ಆಮೇಲೆ ಪೂರ್ತಿ ಎಚ್‌ಟಿಟಿಪಿಎಸ್‌ಗೆ ಬಂದವು. ಆಂಡ್ರಾಯ್ಡ್ ಅಂತೂ 2018ರಲ್ಲಿ ತನ್ನ 9ನೇ ಆವೃತ್ತಿಯಿಂದ, ಆ್ಯಪ್‌ಗಳು ಬಿಡಿ ಪೋಸ್ಟ್ ಕಾರ್ಡ್ ಕಳಿಸೋದನ್ನೇ ಸಹಜವಾಗಿ ತಡೆಯೋಕೆ ಶುರು ಮಾಡಿತು.

2011ರಲ್ಲಿ ನಾನು ಏನು ಮಾಡಿದ್ದೆ? ಸರ್ಟಿಫಿಕೇಟ್‌ಗೆ ದುಡ್ಡು ಕೊಡಬೇಕು, ಹಗರಿಬೊಮ್ಮನಹಳ್ಳಿಯಿಂದ ಆಚೆ ಸಿಗ್ನಲ್ ಮೊದಲೇ ಕಮ್ಮಿ, ಜೊತೆಗೆ ಇದು ಬೇರೆ ನಿಧಾನ ಮಾಡುತ್ತೆ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡು ಬರೀ ಎಚ್‌ಟಿಟಿಪಿ ಇಟ್ಟೆ. ಅದರ ಮೇಲೆ ಬೇಸಿಕ್ ದೃಢೀಕರಣ. ಅಂದ್ರೆ ಸಂಗ್ರಹಕಾರ ಒಂದು ಸಂಜೆ ಎಂಬತ್ತು ಅಂಗಡಿ ಸುತ್ತಿದರೆ ಅವನ ಯೂಸರ್‌ನೇಮ್, ಪಾಸ್‌ವರ್ಡ್ ಎಂಬತ್ತು ಸಲ ಪೋಸ್ಟ್ ಕಾರ್ಡ್ ಮೇಲೆ ಹೋಗ್ತಿತ್ತು.

ಕೊಟ್ಟೂರಿನಲ್ಲಿ ಆದದ್ದು

ಈಗ ಕಥೆಗೆ ವಾಪಸ್ ಬರ್ತೀನಿ.

ಕೊಟ್ಟೂರಿನ ಆ ಸಂಗ್ರಹಕಾರನಿಗೆ ಆಗ ನಲವತ್ತರ ಆಸುಪಾಸು. ತೇರುಬಯಲಿನ ಸುತ್ತಮುತ್ತಲ ಅಂಗಡಿಗಳು ಅವನವು. ಹದಿನೈದು ವರ್ಷದಿಂದ ಅದೇ ದಾರಿ. ಆ್ಯಪ್ ಬಂದು ಐದಾರು ತಿಂಗಳಾಗಿರಬೇಕು, ಒಬ್ಬ ಮಂಡಕ್ಕಿ ಅಂಗಡಿಯವರು ಶಾಖೆಗೆ ಬಂದು ತಮ್ಮ ಖಾತೆಯ ಲೆಕ್ಕ ಕೇಳಿದರು. ಕಾರ್ಡಿನಲ್ಲಿ ಇದ್ದ ಮೊತ್ತಕ್ಕೂ ಕಂಪ್ಯೂಟರ್ ಹೇಳಿದ ಮೊತ್ತಕ್ಕೂ ತಾಳೆ ಇಲ್ಲ. ಇನ್ನೂ ನಾಲ್ಕೈದು ಖಾತೆ ತೆಗೆಸಿ ನೋಡಿದರು. ಕೆಲವು ದಿನಗಳಲ್ಲಿ ಕಾರ್ಡಿನಲ್ಲಿ ನೂರು, ಸರ್ವರ್‌ನಲ್ಲಿ ಐವತ್ತು. ಒಟ್ಟು ವ್ಯತ್ಯಾಸ ನಾಲ್ಕು ಸಾವಿರದ ಚಿಲ್ಲರೆ.

ಕಾರ್ಡಿನ ಮೇಲಿನ ಸಹಿ ಅವನದೇ. ಸರ್ವರ್‌ನಲ್ಲಿ ಮೊತ್ತ ತಿದ್ದಿದ ಯೂಸರ್‌ನೇಮೂ ಅವನದೇ. ನೂರು ಇಸ್ಕೊಂಡು ಐವತ್ತು ಬರೆದಿದ್ದಾನೆ, ಇನ್ನೇನು ಸಾಕ್ಷಿ ಬೇಕು? ಶಾಖೆಯವರು ನಮ್ಮ ಕಂಪನಿಗೆ ಫೋನ್ ಮಾಡಿ ಲಾಗ್ ಕೇಳಿದರು. ನಾನು ತೆಗೆದು ಕಳಿಸಿದೆ. ಕೆಳಗೆ ಒಂದು ಸಾಲನ್ನೂ ಬರೆದೆ: ‘ತಿದ್ದುಪಡಿ ಸದರಿ ಬಳಕೆದಾರರಿಂದಲೇ ಆಗಿದೆ.’

ಆ ಸಾಲು ಸುಳ್ಳು. ತಿದ್ದುಪಡಿ ಆ ಯೂಸರ್‌ನೇಮ್‌ನಿಂದ ಆಗಿತ್ತು, ಅಷ್ಟೇ ನನಗೆ ಗೊತ್ತಿದ್ದದ್ದು. ಆ ಮನುಷ್ಯನಿಂದ ಆಗಿತ್ತು ಅನ್ನೋಕೆ ನನ್ನ ಹತ್ತಿರ ಏನೂ ಇರಲಿಲ್ಲ. ರಾತ್ರಿ ಒಂಬತ್ತರವರೆಗೂ ಯಾವ ಫೋನಿನಿಂದ ಬೇಕಾದರೂ, ಯಾವ ಕಂಪ್ಯೂಟರಿನಿಂದ ಬೇಕಾದರೂ ಅವನ ಹೆಸರಿನಲ್ಲಿ ತಿದ್ದಬಹುದಿತ್ತು. ಪಾಸ್‌ವರ್ಡ್ ಯಾರಾದರೂ ಊಹಿಸಬಹುದಾದದ್ದು. ಅದರ ಪಟ್ಟಿ ಶಾಖೆಯ ಮೇಜಿನ ಗಾಜಿನ ಕೆಳಗೆ ಇತ್ತು ಅಂತ ನನಗೆ ಆಮೇಲೆ ಗೊತ್ತಾಯಿತು.

ಅವನನ್ನು ಕೆಲಸದಿಂದ ನಿಲ್ಲಿಸಿದರು. ಒಂದು ದಿನ ನನಗೇ ಫೋನ್ ಮಾಡಿದ. ‘ಸಾರ್, ನಾನು ಅದನ್ನ ಒತ್ತಿಲ್ಲ ರೀ. ಯಂತ್ರ ನನ್ನ ಹೆಸರು ಹೇಳ್ತೈತಂತಲ್ಲ, ನನ್ನ ಕೈ ನೋಡೈತೇನ್ರೀ ಅದು?’ ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಇವತ್ತಿಗೂ ಭದ್ರತೆಯ ಬಗ್ಗೆ ನಾನು ಕೇಳಿದ ಅತ್ಯುತ್ತಮ ಪ್ರಶ್ನೆ ಅದೇ.

ಅವನನ್ನು ಉಳಿಸಿದ್ದು ನನ್ನ ಸರ್ವರ್ ಅಲ್ಲ, ಒಂದು ಇನ್ನೂರು ಪುಟದ ನೋಟ್‌ಬುಕ್. ಪ್ರತಿ ಸಂಜೆ ಶಾಖೆಗೆ ಹಣ ಕಟ್ಟಿದಾಗ ಕೌಂಟರ್‌ನಲ್ಲಿ ಒಟ್ಟು ಮೊತ್ತ ಬರೆಸಿ ಸಹಿ ಹಾಕಿಸಿಕೊಳ್ಳೋ ಹಳೇ ಅಭ್ಯಾಸ ಅವನು ಬಿಟ್ಟಿರಲಿಲ್ಲ. ಆ ನೋಟ್‌ಬುಕ್‌ನ ಮೊತ್ತಗಳು ಅಂಗಡಿಯವರ ಕಾರ್ಡ್‌ಗಳ ಮೊತ್ತಕ್ಕೆ ಪೈಸೆ ಪೈಸೆ ತಾಳೆ ಆದವು. ಅಂದರೆ ಹಣ ಪೂರ್ತಿ ಶಾಖೆಗೆ ಬಂದಿತ್ತು. ಅವನು ಹೋದಮೇಲೆ, ಒಂಬತ್ತು ಗಂಟೆಯೊಳಗೆ, ಯಾರೋ ಅವನ ಹೆಸರಿನಲ್ಲಿ ಮೊತ್ತ ಇಳಿಸಿದ್ದರು. ಯಾರು ಅನ್ನೋದು ನನ್ನ ಲಾಗ್‌ನಿಂದ ಕೊನೆಗೂ ತಿಳಿಯಲಿಲ್ಲ. ಸಂಸ್ಥೆ ಕ್ಷಮೆ ಕೇಳಿ ವಾಪಸ್ ಕರೆಯಿತು. ಅವನು ಹೋಗಲಿಲ್ಲ. ಹನ್ನೊಂದು ದಿನ ಆ ತೇರುಬಯಲಿನಲ್ಲಿ ಕಳ್ಳ ಅನ್ನಿಸಿಕೊಂಡು ತಿರುಗಿದವನು ಮತ್ತೆ ಅದೇ ಅಂಗಡಿಗಳ ಮುಂದೆ ಹೇಗೆ ನಿಂತಾನು?

ಕಾನೂನಿನ ಮಾತು ಹೇಳಬೇಕು ಅಂದ್ರೆ, ಬೇರೆಯವರ ಪಾಸ್‌ವರ್ಡನ್ನು ಮೋಸದಿಂದ ಬಳಸೋದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಮಿನ ಪ್ರಕಾರ ಅಪರಾಧ. 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ. ಕಾಯ್ದೆ ಇದೆ. ಆದರೆ ಬಳಸಿದವನು ಯಾರು ಅಂತ ತೋರಿಸಬೇಕಾದ್ದು ನನ್ನಂಥವನು ಕಟ್ಟಿದ ವ್ಯವಸ್ಥೆ. ಅದು ಕುರುಡಾಗಿದ್ದರೆ ಕಾಯ್ದೆಗೂ ಕಣ್ಣಿಲ್ಲ.

ಪಕ್ಕದ ಕಟ್ಟಡದಲ್ಲೇ ಇದ್ದ ಪಾಠ

ನನಗೆ ಆಮೇಲೆ ನಾಚಿಕೆ ಆದದ್ದು ಇನ್ನೊಂದು ಕಾರಣಕ್ಕೆ. ಈ ಸಮಸ್ಯೆಯನ್ನು ಅದಕ್ಕೂ ಹತ್ತು ವರ್ಷ ಮೊದಲೇ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಯ ತಾಲ್ಲೂಕು ಕಚೇರಿಗಳಲ್ಲಿ ಯೋಚಿಸಿ ಆಗಿತ್ತು. ನಾನು ನೋಡಿರಲಿಲ್ಲ, ಅಷ್ಟೇ.

‘ಭೂಮಿ’ ಯೋಜನೆ ಗೊತ್ತಲ್ಲ ನಿಮಗೆ. ಕಂದಾಯ ಇಲಾಖೆಯಲ್ಲಿ ರಾಜೀವ್ ಚಾವ್ಲಾ ಎಂಬ ಐಎಎಸ್ ಅಧಿಕಾರಿ ಮುಂದೆ ನಿಂತು, ಎನ್‌ಐಸಿಯವರ ಸಾಫ್ಟ್‌ವೇರ್ ಇಟ್ಟುಕೊಂಡು, 2000ದ ಇಸವಿಯ ಆಸುಪಾಸಿನಲ್ಲಿ ಕಟ್ಟಿದ ವ್ಯವಸ್ಥೆ. ಸುಮಾರು 67 ಲಕ್ಷ ರೈತರ, ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರ್‌ಗೆ ಬಂದವು. 177 ತಾಲ್ಲೂಕುಗಳಲ್ಲಿ ಕೇಂದ್ರ ತೆರೆದು 15 ರೂಪಾಯಿಗೆ ಪಹಣಿ ಕೊಡೋಕೆ ಶುರು ಮಾಡಿದರು.

ಪಹಣಿಯಲ್ಲಿ ಒಂದು ಹೆಸರು ಬದಲಾದರೆ ಒಂದು ಸಂಸಾರದ ಹೊಲ ಹೋಗುತ್ತೆ. ಹಾಗಾಗಿ ಯಾರು ತಿದ್ದಿದರು ಅನ್ನೋದು ಪ್ರಾಣದಷ್ಟು ಮುಖ್ಯ. ಭೂಮಿ ಕಟ್ಟಿದವರು ಇಲ್ಲಿ ಬರೀ ಪಾಸ್‌ವರ್ಡ್ ನಂಬಲಿಲ್ಲ. ಕಂಪ್ಯೂಟರ್ ಮುಂದೆ ಕೂರುವ ನೌಕರನೂ, ಬದಲಾವಣೆಗೆ ಒಪ್ಪಿಗೆ ಕೊಡುವ ಅಧಿಕಾರಿಯೂ ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕು ಅಂತ ಮಾಡಿದರು. ಪಾಸ್‌ವರ್ಡನ್ನು ಇನ್ನೊಬ್ಬನಿಗೆ ಹೇಳಿ ಊಟಕ್ಕೆ ಹೋಗಬಹುದು, ಬೆರಳನ್ನು ಬಿಟ್ಟು ಹೋಗೋಕೆ ಆಗಲ್ಲ. ನಾಳೆ ‘ಅದು ನಾನಲ್ಲ’ ಅಂತ ಜಾರಿಕೊಳ್ಳೋಕೂ ಆಗಲ್ಲ, ಮಾಡದವನ ತಲೆಗೆ ಕಟ್ಟೋಕೂ ಆಗಲ್ಲ. ನೋಡಿ ವಿಚಿತ್ರ. ಇನ್ನೂರು ವರ್ಷ ರೈತ ಹೆಬ್ಬೆಟ್ಟು ಒತ್ತಿದ, ಲೆಕ್ಕ ಬರೆಯೋನು ಸಹಿ ಹಾಕಿದ. ಭೂಮಿಯಲ್ಲಿ ಲೆಕ್ಕ ಬರೆಯೋನೇ ಹೆಬ್ಬೆಟ್ಟು ಒತ್ತುವಂತಾಯಿತು.

ಹಾಗಂತ ಬೆರಳೇ ಎಲ್ಲಕ್ಕೂ ಮದ್ದು ಅಂತ ನಾನು ಹೇಳಲ್ಲ. ಗುದ್ದಲಿ, ಕಲ್ಲು ಹಿಡಿದು ಬೆರಳು ಸವೆದ ಕೂಲಿಯವರು ನ್ಯಾಯಬೆಲೆ ಅಂಗಡಿ ಮುಂದೆ ಯಂತ್ರ ಒಪ್ಪದೆ ನಿಂತಿರೋದನ್ನ ನೀವೂ ನೋಡಿರ್ತೀರಿ. ಪಾಸ್‌ವರ್ಡ್ ಸೋರಿದರೆ ಬದಲಿಸಬಹುದು, ಬೆರಳು ಸೋರಿದರೆ? ಹತ್ತೇ ಇರೋದು. ಯಾವ ಕೆಲಸಕ್ಕೆ ಯಾವ ಬೀಗ ಅನ್ನೋದನ್ನು ಯೋಚಿಸಿ ಹಾಕಬೇಕು, ಭೂಮಿಯಿಂದ ಕಲಿಯಬೇಕಾದ್ದು ಅದು.

ಹಾಗಾದ್ರೆ ಫೋನಿನೊಳಗೆ ಇರೋದೇನು?

ಈಗ ಕೇಳುಗರ ಪ್ರಶ್ನೆಗೆ ಬರೋಣ. ಸರಿಯಾಗಿ ಕಟ್ಟಿದ ಆ್ಯಪ್ ಆಗಿದ್ದರೆ ನಿಮ್ಮ ಪಾಸ್‌ವರ್ಡ್ ಫೋನಿನಲ್ಲಿ ಇರಲ್ಲ. ಇರೋದು ಒಂದು ಟಿಕೆಟ್.

ಹೊಸಪೇಟೆ ಬಸ್ ಹತ್ತುತ್ತೀರಿ ಅಂದ್ಕೊಳ್ಳಿ. ಕಂಡಕ್ಟರ್‌ಗೆ ಒಂದು ಸಲ ದುಡ್ಡು ಕೊಡ್ತೀರಿ, ಅವನು ಟಿಕೆಟ್ ಕೊಡ್ತಾನೆ. ಆಮೇಲೆ ತಪಾಸಣೆಗೆ ಬಂದವರು ಟಿಕೆಟ್ ಕೇಳ್ತಾರೆ, ನಿಮ್ಮ ಪರ್ಸ್ ಕೇಳಲ್ಲ. ಟಿಕೆಟ್ ಕಳುವಾದರೂ ಕಳ್ಳನಿಗೆ ಸಿಗೋದು ಆ ಒಂದು ಪ್ರಯಾಣ, ನಿಮ್ಮ ಪರ್ಸ್ ಅಲ್ಲ. ಮೊಬೈಲ್ ಆ್ಯಪ್‌ಗಳೂ ಹೀಗೇ. ಪಾಸ್‌ವರ್ಡ್ ಒಂದೇ ಸಲ, ಮುಚ್ಚಿದ ದಾರಿಯಲ್ಲಿ ಸರ್ವರ್‌ಗೆ ಹೋಗುತ್ತೆ. ಸರ್ವರ್ ಒಂದು ಟೋಕನ್ ಕೊಡುತ್ತೆ. ಅದರ ಆಯುಷ್ಯ ಕಮ್ಮಿ, ಅದರಿಂದ ಏನೇನು ಮಾಡಬಹುದು ಅನ್ನೋದಕ್ಕೂ ಮಿತಿ ಇರುತ್ತೆ. ಅದು ಮುಗಿದಾಗ ಹೊಸದು ಪಡೆಯೋಕೆ ಮಾಸಿಕ ಪಾಸಿನ ಥರ ಇನ್ನೊಂದು ಟೋಕನ್. ಫೋನ್ ಕಳೆದರೆ ಸರ್ವರ್‌ನಲ್ಲಿ ಆ ಫೋನಿನ ಟೋಕನ್ ಮಾತ್ರ ರದ್ದು ಮಾಡಿದರಾಯಿತು. ಈ ವಿಧಾನಕ್ಕೆ ಓಆತ್ 2.0 ಅಂತ ಹೆಸರು, ಮಾನದಂಡವಾಗಿ ಬಂದಿದ್ದು 2012ರ ಅಕ್ಟೋಬರ್‌ನಲ್ಲಿ. ಮೊಬೈಲ್ ಆ್ಯಪ್‌ಗಳಿಗೆ ಇದನ್ನು ಹೇಗೆ ಬಳಸಬೇಕು ಅಂತ 2017ರಲ್ಲಿ ಬೇರೆಯೇ ಮಾರ್ಗಸೂಚಿ ಬಂತು.

ನೀವು ಒತ್ತುವ ನಾಲ್ಕಂಕಿ ಪಿನ್ ಸಾಮಾನ್ಯವಾಗಿ ಫೋನಿನೊಳಗಿನ ಆ ಟಿಕೆಟ್ ಪೆಟ್ಟಿಗೆಯನ್ನು ತೆರೆಯೋ ಕೀಲಿ. ಬೇರೆ ಫೋನಿನಲ್ಲಿ ಅದೇ ಪಿನ್ ಒತ್ತಿದರೆ ಪೆಟ್ಟಿಗೆಯೇ ಇರಲ್ಲ.

ನಮ್ಮ ದೇಶ ಈ ವಿಷಯದಲ್ಲಿ ಹಿಂದೆ ಉಳಿದಿಲ್ಲ. 2009ರ ಆಗಸ್ಟ್‌ನಿಂದಲೇ ಆನ್‌ಲೈನ್ ಕಾರ್ಡ್ ವ್ಯವಹಾರಕ್ಕೆ ಎರಡನೇ ಹಂತದ ದೃಢೀಕರಣ ಕಡ್ಡಾಯ ಅಂತ ರಿಸರ್ವ್ ಬ್ಯಾಂಕ್ ಮಾಡಿತು. 2016ರಲ್ಲಿ ಯುಪಿಐ ಬಂದಾಗ ಅದರ ಮೊದಲ ಹೆಜ್ಜೆಯೇ ನಿಮ್ಮ ಸಿಮ್‌ನಿಂದ ಒಂದು ಎಸ್‌ಎಂಎಸ್ ಕಳಿಸಿ ಫೋನನ್ನೂ ನಂಬರನ್ನೂ ಗಂಟು ಹಾಕೋದು. ಫೋನ್ ಅನ್ನೋದು ಉಂಗುರ, ಪಿನ್ ಅನ್ನೋದು ಕಾಗೆಯ ಕಥೆ. 2020ರಲ್ಲಿ ರೈತರೇ ತಮ್ಮ ಬೆಳೆಯ ಫೋಟೋ ತೆಗೆದು ಸರ್ಕಾರದ ಬೆಳೆ ಸಮೀಕ್ಷೆ ಆ್ಯಪ್‌ಗೆ ಹಾಕೋ ಅವಕಾಶ ಬಂತು. ಕೂಡ್ಲಿಗಿಯ ಶೇಂಗಾ ಹೊಲದಲ್ಲಿ ನಿಂತ ರೈತನೂ ಈಗ ಒಂದು ವೆಬ್ ಸರ್ವಿಸ್‌ನ ಬಳಕೆದಾರ. ಅವನ ಬೆಳೆ ಪರಿಹಾರ, ವಿಮೆ ಎಲ್ಲಾ ಆ ಒಂದು ದಾಖಲೆಯ ಮೇಲೆ ನಿಂತಿರುತ್ತೆ. ಹಾಗಾಗಿ ಇದು ಬೆಂಗಳೂರಿನ ಇಂಜಿನಿಯರ್‌ಗಳ ವಿಷಯ ಅಂತ ನೀವು ಕೈ ತೊಳ್ಕೊಳ್ಳೋ ಹಾಗಿಲ್ಲ.

2023ರಲ್ಲಿ ಬಂದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಜನರ ಮಾಹಿತಿಗೆ ಸರಿಯಾದ ರಕ್ಷಣೆ ಕೊಡದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡ ಹಾಕಬಹುದು ಅನ್ನುತ್ತೆ. ಒಳ್ಳೆಯದೇ. ಆದರೆ ಕೊಟ್ಟೂರಿನವನ ಹನ್ನೊಂದು ದಿನಕ್ಕೆ ಯಾವ ದಂಡವೂ ಲೆಕ್ಕ ಅಲ್ಲ.

ನಾನು ಆಮೇಲೆ ಆ ಸರ್ವರ್ ತಿದ್ದಿದೆ. ದಾರಿ ಮುಚ್ಚಿದೆ, ಪಾಸ್‌ವರ್ಡ್‌ಗಳನ್ನು ಬೀಸಿ ಇಟ್ಟೆ, ಮೊದಲ ಲಾಗಿನ್‌ನಲ್ಲೇ ಪಾಸ್‌ವರ್ಡ್ ಬದಲಿಸಲೇಬೇಕು ಅಂತ ಮಾಡಿದೆ. ಒಂದು ಹೆಸರಿಗೆ ಒಂದೇ ಫೋನ್, ತಿದ್ದುಪಡಿ ಆದರೆ ಹಳೇ ಮೊತ್ತ ಅಳಿಸದೆ ಪಕ್ಕದಲ್ಲಿ ಹೊಸದು, ಯಾವ ಫೋನಿನಿಂದ ಅಂತ ಗುರುತು, ಗ್ರಾಹಕರಿಗೆ ತಕ್ಷಣ ಒಂದು ಎಸ್‌ಎಂಎಸ್. ಎಲ್ಲಾ ಸೇರಿ ಮೂರು ವಾರದ ಕೆಲಸ. ಮೊದಲೇ ಮಾಡಬಹುದಿತ್ತು.

ಇನ್ನೊಂದು ಅಭ್ಯಾಸವನ್ನೂ ಬಿಟ್ಟೆ. ಅಂದಿನಿಂದ ಯಾವ ವರದಿಯಲ್ಲೂ ‘ಇಂಥವರು ಮಾಡಿದರು’ ಅಂತ ನಾನು ಬರೆದಿಲ್ಲ. ‘ಇಂಥ ಹೆಸರಿನಿಂದ ಆಗಿದೆ’ ಅಂತ ಮಾತ್ರ ಬರೀತೀನಿ. ಎರಡರ ನಡುವೆ ಒಬ್ಬ ಮನುಷ್ಯನ ಮಾನ ಇದೆ.

ನಿಮ್ಮಲ್ಲಿ ಯಾರಾದರೂ ಪಂಚಾಯ್ತಿಯಲ್ಲೋ, ಸೊಸೈಟಿಯಲ್ಲೋ, ಶಾಲೆಯಲ್ಲೋ, ಅಂಗನವಾಡಿಯಲ್ಲೋ ಕಂಪ್ಯೂಟರ್ ಮುಂದೆ ಕೂರೋರು ಇದ್ದರೆ ಒಂದು ಮಾತು. ನಿಮ್ಮ ಲಾಗಿನ್ ಯಾರಿಗೂ ಕೊಡಬೇಡಿ, ಸಾಹೇಬರು ಕೇಳಿದರೂ ಕೊಡಬೇಡಿ. ನಾಳೆ ಯಂತ್ರ ಹೇಳೋದು ನಿಮ್ಮ ಹೆಸರನ್ನೇ. ಮತ್ತೆ, ಒಂದು ಇನ್ನೂರು ಪುಟದ ನೋಟ್‌ಬುಕ್ ಇಟ್ಕೊಳ್ಳಿ. ನಗಬೇಡಿ, ಇಟ್ಕೊಳ್ಳಿ.